ಇನ್ನೊಬ್ಬ ಅಕ್ಕ

ಭಾನುವಾರ ಮಧ್ಯಾಹ್ನ ಟೈಲರಮ್ಮ ಒಲೆಯ ಮುಂದೆ ನಿಂತು ಬೇಳೆ ತಿರುವುತ್ತಿದ್ದಾಗ ಹಿಂದಿನ ಕೋಣೆಯಿಂದ ತಮ್ಮನ ದನಿ ಬಂತು.

"ಅಕ್ಕಾ, ಊಟ ಆಯ್ತಾ?"

"ಬೇಳೇನೇ ಬೆಂದಿಲ್ಲ, ಊಟ ಎಲ್ಲಿಂದ ಆಗತ್ತೆ?" ಎಂದಳು ಇಲ್ಲಿಂದಲೇ.

ಉತ್ತರ ಬರಲಿಲ್ಲ. ಸೌಟು ಹಿಡಿದುಕೊಂಡೇ ಹೋಗಿ ಇಣುಕಿದರೆ ತಮ್ಮ ಕಿಟಕಿಯ ಕಡೆ ಮುಖ ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದ. "ಮಾತ್ರೆ ನುಂಗಿದ್ಯಾ ಅಕ್ಕಾ? ಸುಳ್ಳು ಹೇಳ್ಬೇಡ, ನರ್ಸನ್ನ ಕೇಳ್ತೀನಿ." ಆಮೇಲೆ ಬಾಯಿ ತುಂಬ ನಕ್ಕ.

ಅರವತ್ತು ದಾಟಿದ ತಮ್ಮ ಹಾಗೆ ನಗುವುದನ್ನು ಕೇಳಿ ಎಷ್ಟೋ ವರ್ಷವಾಗಿತ್ತು. ಆದರೆ ಅವಳ ಕಿವಿಯಲ್ಲಿ ಕೂತದ್ದು ನಗುವಲ್ಲ, ಅಕ್ಕಾ ಎಂಬ ಆ ಕರೆ. ಅವನಿಗಿರುವುದು ಒಬ್ಬಳೇ ಅಕ್ಕ. ಅವಳು ಇಲ್ಲಿ ಸೌಟು ಹಿಡಿದು ನಿಂತಿದ್ದಾಳೆ.

ಊಟಕ್ಕೆ ಕೂತಾಗ ಕೇಳಿದಳು. "ಯಾರದು ಫೋನಲ್ಲಿ?"

"ಗೊತ್ತಿರೋರು."

"ಅಕ್ಕ ಅಂದೆ."

"ದೊಡ್ಡೋರು, ಅಂದೆ."

"ದೊಡ್ಡೋರಾದ್ರೆ ಅಮ್ಮ ಅನ್ನು, ಅಜ್ಜಿ ಅನ್ನು. ಮಾತಿಗೇನು ಬರಗಾಲವಾ?"

ತಮ್ಮ ತಲೆ ತಗ್ಗಿಸಿ ಅನ್ನ ಕಲಸತೊಡಗಿದ. ಎದುರಿಗೆ ಕೂತಿದ್ದ ಮೊಮ್ಮಗಳು ನೀರಿನ ಲೋಟವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಾಯಿಗೆ ಹಿಡಿದುಕೊಂಡಳು.

ಬೀದಿಗೆಲ್ಲ ಅವಳು ಟೈಲರಮ್ಮನೇ. ಮನೆಯ ಮುಂಭಾಗದಲ್ಲೇ ಅಂಗಡಿ. ಹಳೆಯ ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು, ಜಿಪ್ ಬದಲಾಯಿಸುವುದು. ಗಂಡ ತೀರಿಕೊಂಡು ಆರೇಳು ವರ್ಷ. ಮಗಳು ದೊಡ್ಡಾಸ್ಪತ್ರೆಯಲ್ಲಿ ನರ್ಸು, ಗಂಡನಿಂದ ಬೇರೆಯಾದ ಮೇಲೆ ಮಗಳನ್ನು ಕರೆದುಕೊಂಡು ತಾಯಿಯ ಮನೆಗೇ ಬಂದಿದ್ದಳು. ಮೊಮ್ಮಗಳು ಕಾಲೇಜು. ತಮ್ಮ ಮಾತ್ರ ಎಲ್ಲರಿಗಿಂತ ಹಳಬ. ಮದುವೆಯಾಗಿ ಈ ಮನೆಗೆ ಬಂದ ಅಕ್ಕನ ಹಿಂದೆಯೇ ಬಂದವನು, ಹಿಂದಿನ ಕೋಣೆಯಲ್ಲೇ ಉಳಿದ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತಿ ಸುತ್ತಿ ಬೆರಳು ಸವೆಸಿ ಈಗ ಸುಮ್ಮನಿದ್ದ. ಮದುವೆಯಾಗಲಿಲ್ಲ. ಯಾಕೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಅವನ ಶರ್ಟಿನ ಗುಂಡಿ ಬಿದ್ದರೆ ಕೇಳದೆ ಹಾಕಿಕೊಡುತ್ತಿದ್ದಳು. ಮದುವೆಯದೂ ಹಾಗೇ, ಕೇಳದೆ ಬಿಡುವ ಒಂದು ವಿಷಯ ಎಂದುಕೊಂಡಿದ್ದಳು.

ಆ ವಾರ ಒಂದು ದಿನ ಕರೆಂಟು ಹೋಗಿ ಮಷೀನು ನಿಂತಿತು. ಅಂಗಡಿ ಮುಚ್ಚಿ ಬೇಗ ಒಳಗೆ ಬಂದರೆ ಅಡಿಗೆಮನೆಯಲ್ಲಿ ತಮ್ಮ. ಕ್ಯಾರೆಟ್ಟನ್ನು ಸಣ್ಣಗೆ, ಒಂದೇ ಅಳತೆಯಲ್ಲಿ ಹೆಚ್ಚುತ್ತಿದ್ದ. ಒಲೆಯ ಮೇಲೆ ಕೋಳಿ ಸೂಪು ಕುದಿಯುತ್ತಿತ್ತು.

"ನಿಂಗೆ ಅಡಿಗೆ ಬರತ್ತಾ?"

"ಬರತ್ತೆ."

"ಯಾವಾಗಿಂದ?"

"ಬಹಳ ವರ್ಷ ಆಯ್ತು."

"ಮತ್ತೆ ಈ ಮನೇಲಿ ಒಂದಿನ ಮಾಡಿಲ್ಲ?"

"ನೀನು ಒಲೆ ಹತ್ರ ಬಿಡಲ್ವಲ್ಲ ಅಕ್ಕ."

ಅವಳು ಚಮಚದಲ್ಲಿ ಸೂಪು ತೆಗೆದು ರುಚಿ ನೋಡಿದಳು. ಚೆನ್ನಾಗಿತ್ತು. ಅದೇ ಮೈ ಉರಿಸಿತು. ಅವನು ಸೂಪನ್ನು ಫ್ಲಾಸ್ಕಿಗೆ ಬಗ್ಗಿಸಿ, ಪಾತ್ರೆ ತೊಳೆದಿಟ್ಟು, ಚಪ್ಪಲಿ ಹಾಕಿಕೊಂಡು ಹೊರಟುಹೋದ.

ಸಂಜೆ ಮೊಮ್ಮಗಳನ್ನು ಹಿಡಿದಳು. "ನಿಂಗೆ ಗೊತ್ತಿದೆ. ಮುಖ ನೋಡಿದ್ರೇ ಗೊತ್ತಾಗತ್ತೆ. ಯಾರದು?"

ಮೊಮ್ಮಗಳು ಮೊದಲು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದಳು. ಆಮೇಲೆ ತಡೆಯಲಾಗಲಿಲ್ಲ. ಕಾಲೇಜಿನಲ್ಲಿ ಅವಳಿಗೆ ಒಂದು ಕೆಲಸ ಕೊಟ್ಟಿದ್ದರು. "ಗಂಡಸರನ್ನ ಪ್ರೀತಿಸಿದ ಗಂಡಸರು, ಹೆಂಗಸರನ್ನ ಪ್ರೀತಿಸಿದ ಹೆಂಗಸರು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದವರು. ನಮ್ಮ ಊರಲ್ಲಿ ಇವರೆಲ್ಲ ಎಲ್ಲಿ ಸೇರ್ತಿದ್ರು, ಹೇಗೆ ಬದುಕಿದ್ರು ಅಂತ ವಯಸ್ಸಾದವರನ್ನ ಕೇಳಿ ಬರೀಬೇಕು ಅಜ್ಜಿ."

"ಇದನ್ನ ಚರಿತ್ರೆ ಅಂತಾರಾ?"

"ಈಗ ಅಂತಾರೆ."

ಹುಡುಕುತ್ತಾ ಹೋಗಿ ಅವಳು ಲಾರಿಯಕ್ಕನನ್ನು ಕಂಡಿದ್ದಳು. ಗಂಡಾಗಿ ಹುಟ್ಟಿ, ಹಿಂದೆ ಗಂಡಸಿನ ಉಡುಪಿನಲ್ಲಿ ಲಾರಿ ಓಡಿಸುತ್ತಿದ್ದು, ಆಮೇಲೆ ಲಾರಿಯನ್ನೂ ಉಡುಪನ್ನೂ ಬಿಟ್ಟು ಹೆಣ್ಣಾಗಿಯೇ ಉಳಿದವಳು; ಅವರ ಕಡೆಯವರಿಗೆಲ್ಲ ಹಿರಿಯಳು. ಅವಳ ಮನೆಯ ಗೋಡೆಯ ಮೇಲಿನ ಫೋಟೋದಲ್ಲಿ ಮೊಮ್ಮಗಳಿಗೆ ಸಿಕ್ಕಿದ್ದು ಅವಳು ತಾತ ಎಂದು ಕರೆಯುವ ಅಜ್ಜಿಯ ತಮ್ಮ. ಈಗ ಲಾರಿಯಕ್ಕ ಮೆಟ್ಟಿಲಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡು ದೊಡ್ಡಾಸ್ಪತ್ರೆಯಲ್ಲಿದ್ದಳು.

"ನಿಮ್ಮಮ್ಮನ ಆಸ್ಪತ್ರೇಲಿ?"

"ಹೂಂ."

"ಹಾಗಾದ್ರೆ ಅವಳಿಗೂ ಗೊತ್ತು."

ಮೊಮ್ಮಗಳು ಉತ್ತರದ ಬದಲು ಫೋನು ಮುಂದೆ ಹಿಡಿದಳು. ಹಳೆಯ ಫೋಟೋ. ಅರ್ಧ ಎಳೆದ ಶಟರು, ಬಿಚ್ಚಿಟ್ಟ ಮೋಟಾರುಗಳು, ನೆಲದ ಮೇಲೆ ಕೂತ ಏಳೆಂಟು ಜನ. ನಡುವೆ ಇಪ್ಪತ್ತೈದರ ತಮ್ಮ, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಾನೆ. ಹೆಗಲ ಮೇಲೆ ಅಂಚಿಗೆ ಬಳ್ಳಿ ಕಸೂತಿಯ ಹಸಿರು ಶಾಲು.

"ಇದು ನನ್ನ ಶಾಲು," ಎಂದಳು ಟೈಲರಮ್ಮ. "ಇದು ಕಳೆದುಹೋಯ್ತು ಅಂತ ನಾದಿನಿ ಮೇಲೆ ಕಳ್ಳತನ ಹೊರಿಸಿದ್ದೆ. ಎರಡು ವರ್ಷ ಮಾತು ಬಿಟ್ಟಿದ್ವಿ."

ಮೊಮ್ಮಗಳಿಗೆ ನಗು ಬಂತು. ಅಜ್ಜಿಗೆ ಬರಲಿಲ್ಲ.

ಮರುದಿನ ಬೆಳಗಿನ ತಿಂಡಿಗೆ ನಾಲ್ವರೂ ಇದ್ದರು. ಟೈಲರಮ್ಮ ಬ್ರೆಡ್ಡನ್ನು ತಟ್ಟೆಗೆ ಇಡುತ್ತಿರಲಿಲ್ಲ, ಎಸೆಯುತ್ತಿದ್ದಳು.

"ನಿನಗೂ ಗೊತ್ತಿತ್ತು," ಎಂದಳು ಮಗಳಿಗೆ.

"ಮಾಮನ ವಿಷಯ ಮಾಮ ಹೇಳ್ಬೇಕಮ್ಮ. ನಾನ್ಯಾಕೆ ಹೇಳ್ಲಿ?"

"ಮೂರು ತಲೆಮಾರಿನ ಮನೇಲಿ ನಾನೊಬ್ಬಳೇ ಹೊರಗಿನೋಳು. ಚೆನ್ನಾಗಿದೆ."

ತಮ್ಮ ಲೋಟ ಕೆಳಗಿಟ್ಟ. "ಅಕ್ಕ, ನಿನಗೆ ಬೇಜಾರಾಗಿದ್ರೆ..."

"ನೀನು ಹಾಗೆ ಅಂತ ಬೇಜಾರಿಲ್ಲ. ನಾನೇನು ಕುರುಡಿಯಲ್ಲ, ಐವತ್ತು ವರ್ಷ ನಿನ್ನ ಬಟ್ಟೆ ಒಗೆದಿದೀನಿ. ನೀನು ಯಾರ ಜೊತೆ ಇದ್ರೂ ನನಗೇನು. ಅವರನ್ನ ಅಕ್ಕ ಅಂತ ಯಾಕೆ ಕರೀಬೇಕು? ಅಮ್ಮ ಹೋದಾಗ ನಿನಗೆ ನಾಲ್ಕು ವರ್ಷ. ನನ್ನನ್ನೇ ಅಮ್ಮ ಅಂತಿದ್ದೆ, ಬೀದಿ ಹುಡುಗರು ಆಡ್ಕೋತಿದ್ರು. ಕೂರಿಸಿಕೊಂಡು ಅಕ್ಕ ಅನ್ನು, ಅಕ್ಕ ಅನ್ನು ಅಂತ ಹೇಳಿಕೊಟ್ಟೋಳು ನಾನು. ನಾನು ಕಲಿಸಿದ ಮಾತನ್ನ ತಗೊಂಡುಹೋಗಿ ಇನ್ನೊಬ್ಬರಿಗೆ ಕೊಟ್ಟಿದೀಯ."

ಮಗಳು ಗಡಿಯಾರ ನೋಡಿದಳು, ಆದರೆ ಏಳಲಿಲ್ಲ.

"ಇನ್ನೊಂದು ವಿಷಯವೂ ಇದೆ," ಎಂದ ತಮ್ಮ. "ಮುಂದಿನ ವಾರ ಆಸ್ಪತ್ರೆಯಿಂದ ಬಿಡ್ತಾರೆ. ಅವಳಿಗೆ ಎದ್ದು ಓಡಾಡೋಕೆ ಒಂದೆರಡು ತಿಂಗಳಾಗತ್ತೆ. ನೋಡ್ಕೊಳ್ಳೋರು ಬೇಕು. ನಾನು ಅಲ್ಲಿಗೆ ಹೋಗಿ ಇರ್ತೀನಿ."

"ಅವರ ಕಡೆಯವರು ತುಂಬ ಜನ ಇದಾರಲ್ಲ ಫೋಟೋದಲ್ಲಿ."

"ಇದ್ರು. ಆ ಫೋಟೋದಲ್ಲಿ ಈಗ ಉಳಿದಿರೋದು ನಾವಿಬ್ಬರೇ."

"ನೀನೇ ಯಾಕೆ?"

"ಒಂದು ಸಲ ನಾನು ಟ್ರೇನಿಂಗ್ ಅಂತ ತಿಂಗಳುಗಟ್ಟಲೆ ಹೋಗಿದ್ದೆ, ನೆನಪಿದೆಯಾ? ಟ್ರೇನಿಂಗ್ ಇರಲಿಲ್ಲ. ಪಾರ್ಕಲ್ಲಿ ಯಾರೋ ಹಿಡಿದು ಹೊಡೆದ್ರು. ದವಡೆ ಮುರಿದಿತ್ತು. ತಂತಿ ಹಾಕಿ ಕಟ್ಟಿದ್ರು. ಅಷ್ಟು ದಿನವೂ ಸ್ಟ್ರಾ ಇಟ್ಟು ಸೂಪು ಕುಡಿಸಿದೋಳು ಅವಳು. ನಾನು ಅಡಿಗೆ ಕಲಿತದ್ದೂ ಅಲ್ಲೇ."

ಟೈಲರಮ್ಮ ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟಳು. "ಇಲ್ಲಿಗೆ ಯಾಕೆ ಬರಲಿಲ್ಲ? ನಾನು ಸತ್ತಿದ್ನಾ?"

"ಅದರ ಹಿಂದಿನ ವಾರ ಬಾವ ಊಟಕ್ಕೆ ಕೂತು, ಇಂಥೋರನ್ನೆಲ್ಲ ಕಂಬಕ್ಕೆ ಕಟ್ಟಿ ಹೊಡೀಬೇಕು ಅಂತ ಹೇಳಿದ್ರು. ನಾನು ಎದುರಿಗೇ ಕೂತಿದ್ದೆ. ನೀನು ಪಲ್ಯ ಬಡಿಸ್ತಿದ್ದೆ. ಅವರಿಗೆ ಇನ್ನೊಂದು ಸೌಟು ಬಡಿಸಿದೆ."

ಹೇಳಿ ತಟ್ಟೆ ಎತ್ತಿಕೊಂಡು ಹೋಗಿ ತೊಳೆದ. ದನಿ ಏರಿಸಿರಲಿಲ್ಲ. ಅವಳಿಗೆ ಆ ಊಟ ನೆನಪಿರಲಿಲ್ಲ. ಆದರೆ ಪಲ್ಯ ಬಡಿಸಿರಬಹುದು ಎನ್ನಿಸಿತು. ದಿನವೂ ಬಡಿಸುತ್ತಿದ್ದಳಲ್ಲ.

ಆಮೇಲೆ ಮೂರು ದಿನ ಅವನು ಸೂಪು ಮಾಡುವ ಹೊತ್ತಿಗೆ ಇವಳು ಅಂಗಡಿಯಲ್ಲಿ ಮಷೀನನ್ನು ದಡದಡ ಓಡಿಸುತ್ತಿದ್ದಳು. ಗಿರಾಕಿಯೊಬ್ಬನ ಪ್ಯಾಂಟನ್ನು ಬಿಗಿ ಮಾಡಲು ಹೋಗಿ ಅವನಿಗೆ ಉಸಿರಾಡಲೂ ಆಗದ ಹಾಗೆ ಮಾಡಿ, ಮತ್ತೆ ಬಿಚ್ಚಿದಳು. ನಾಲ್ಕನೇ ದಿನ ಅವನು ಏಳುವ ಮೊದಲೇ ತಾನೇ ಸೂಪು ಮಾಡಿ, ಮೆಣಸು ಜಾಸ್ತಿ ಹಾಕಿ, ಫ್ಲಾಸ್ಕಿಗೆ ತುಂಬಿ, ಮಗಳ ಜೊತೆ ಆಸ್ಪತ್ರೆಗೆ ಹೊರಟಳು.

"ಯಾಕಮ್ಮ?" ಎಂದಳು ಮಗಳು ಬಸ್ಸಿನಲ್ಲಿ.

"ನೋಡ್ಬೇಕು."

"ಜಗಳ ಆಡೋದಾದ್ರೆ ಬೇಡ, ನಾನು ಕೆಲಸ ಮಾಡೋ ಜಾಗ ಅದು."

"ನಾನು ಸೂಪು ಕೊಡೋಕೆ ಹೋಗ್ತಿದೀನಿ. ಸೂಪಲ್ಲಿ ಜಗಳ ಇರತ್ತಾ?"

ಗಂಡಸರ ವಾರ್ಡಿನ ಕೊನೆಯ ಮಂಚ. ಸುತ್ತ ಬಟ್ಟೆಯ ಪರದೆ. ಅದನ್ನೂ ಮಗಳೇ ಜಗಳವಾಡಿ ಹಾಕಿಸಿದ್ದಳು. ಒಳಗೆ ಅಗಲ ಹೆಗಲಿನ, ನರೆತ ಕೂದಲನ್ನು ಜಡೆ ಹಾಕಿದ ಹೆಂಗಸು ಅಂಗಾತ ಮಲಗಿದ್ದಳು. ಕೈ ಮಾತ್ರ ಲಾರಿ ಓಡಿಸಿದ ಕೈ. ಪರದೆಯ ಆಚೆಯ ಮಂಚದಿಂದ ಯಾರೋ ಏನೋ ಅಂದರು, ಇನ್ನೊಬ್ಬರು ನಕ್ಕರು. ಲಾರಿಯಕ್ಕ ಕೇಳಿಸದವಳಂತೆ ಇದ್ದಳು. ಅಭ್ಯಾಸವಾದ ಮುಖ.

"ನೀವು ಅವನ ಅಕ್ಕ," ಎಂದಳು ಒರಟು ದನಿಯಲ್ಲಿ. "ಹುಬ್ಬು ಒಂದೇ ಥರ ಇದೆ."

"ಹೌದು. ಒಡಹುಟ್ಟಿದ ಅಕ್ಕ," ಎಂದಳು ಟೈಲರಮ್ಮ, ಒಡಹುಟ್ಟಿದ ಎಂಬುದನ್ನು ಸ್ವಲ್ಪ ಒತ್ತಿ. ಫ್ಲಾಸ್ಕು ತೆರೆದು ಬಟ್ಟಲಿಗೆ ಬಗ್ಗಿಸಿದಳು.

ಲಾರಿಯಕ್ಕ ಒಂದು ಗುಟುಕು ಕುಡಿದಳು. "ಚೆನ್ನಾಗಿದೆ. ಮೆಣಸು ಮುಂದಾಯ್ತು."

"ನಮ್ಮ ಮನೇಲಿ ಹೀಗೇ."

"ಅವನಿಗೆ ಕಡಿಮೆ ಇದ್ರೆ ಇಷ್ಟ."

ಟೈಲರಮ್ಮ ಫ್ಲಾಸ್ಕಿನ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು. ಅಷ್ಟರಲ್ಲಿ ಪರದೆಯಾಚೆ ಮತ್ತೆ ಅದೇ ಮಾತು, ಈ ಸಲ ಜೋರಾಗಿ. ಅವಳು ಪರದೆ ಸರಿಸಿ ಆ ಗಂಡಸನ್ನು ನೋಡಿದಳು. ಅವಳ ವಯಸ್ಸಿನವನೇ, ಕಾಲಿಗೆ ಪಟ್ಟಿ.

"ನಿಮ್ಮ ಮನೆ ಹೆಂಗಸರು ಮಲಗಿದ್ರೂ ಹೀಗೇ ಅಂತೀರಾ?"

ಅವನು ಗೋಡೆಯ ಕಡೆ ಹೊರಳಿದ. ಅವಳು ಮಗಳ ಕಡೆ ತಿರುಗಿದಳು. "ಇಲ್ಲಿ ಯಾಕೆ ಹಾಕಿದಾರೆ ಇವರನ್ನ?" ಅವನು ಎನ್ನಬೇಕೋ ಅವಳು ಎನ್ನಬೇಕೋ ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಗೌರವ ಕೊಟ್ಟುಬಿಟ್ಟರೆ ಆ ತೊಂದರೆಯೇ ಇರಲಿಲ್ಲ.

"ಹಳೇ ಕಾಗದದಲ್ಲಿ ಏನಿದೆಯೋ ಅದನ್ನೇ ನೋಡ್ತಾರಮ್ಮ."

ಸಂಜೆ ತಮ್ಮ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಗ ಟೈಲರಮ್ಮ ಬಾಗಿಲಲ್ಲಿ ನಿಂತಳು. "ನೀನೆಲ್ಲೂ ಹೋಗ್ಬೇಡ. ಅವರನ್ನೇ ಇಲ್ಲಿಗೆ ಕರ್ಕೊಂಡು ಬಾ. ನಡುಮನೇಲಿ ಮಂಚ ಹಾಕೋಣ."

ತಮ್ಮ ಅವಳ ಮುಖವನ್ನೇ ನೋಡಿದ. "ಕನಿಕರಾನಾ?"

"ಕನಿಕರ ಏನಿಲ್ಲ. ನೀನು ಯಾರ ಸೇವೆ ಮಾಡೋದಾದ್ರೂ ನನ್ನ ಕಣ್ಣೆದುರಿಗೆ ಮಾಡು."

ಹಾಗೆ ಲಾರಿಯಕ್ಕ ಬಂದಳು. ಅವಳ ಹಿಂದೆಯೇ ಜನರೂ ಬಂದರು. ಬೇಕರಿಯಲ್ಲಿ ಕೆಲಸ ಮಾಡುವ ಹುಡುಗರಿಬ್ಬರು, ಮೊಬೈಲ್ ರಿಪೇರಿಯವಳು, ಶಾಲೆಯ ಬಸ್ಸಿನ ಡ್ರೈವರ್, ಸಣ್ಣ ವಯಸ್ಸಿನವರು. ಎಲ್ಲರೂ ಚಪ್ಪಲಿಯನ್ನು ಬಾಗಿಲಲ್ಲಿ ಅಡ್ಡಾದಿಡ್ಡಿ ಬಿಟ್ಟು ಒಳಗೆ ಬಂದು ಮಂಚದ ಸುತ್ತ ಕೂತು ಅಕ್ಕಾ, ಅತ್ತೇ, ದೊಡ್ಡಮ್ಮಾ ಅನ್ನುತ್ತಿದ್ದರು. ತಮ್ಮನನ್ನು ಅವರು, ತಂತಿ ಸುರುಳಿ ಸುತ್ತಿದವನೆಂದು, ಕಾಯಿಲ್ ಮಾಮ ಎಂದು ಕರೆಯುತ್ತಿದ್ದರು. ಅಂಥ ಹೆಸರೊಂದು ಅವನಿಗಿದೆ ಎಂದು ಟೈಲರಮ್ಮನಿಗೆ ಗೊತ್ತಾದದ್ದೇ ಆಗ. ಕಾಯಿಲ್ ಮಾಮ ಜೋಕು ಹೇಳುತ್ತಿದ್ದ. ಕಾಯಿಲ್ ಮಾಮ ಹಾಡಿನ ತುಣುಕು ಗುನುಗುತ್ತಿದ್ದ. ಇವಳು ಚಹಾ ತಟ್ಟೆ ಹಿಡಿದು ಒಳಗೆ ಬಂದರೆ ಎಲ್ಲರೂ ಥ್ಯಾಂಕ್ಸ್ ಅಮ್ಮ ಎಂದು ಸುಮ್ಮನಾಗುತ್ತಿದ್ದರು. ಅವಳು ಹೊರಗೆ ಹೋದ ಮೇಲೆ ಮತ್ತೆ ನಗು.

ಅಡಿಗೆಯ ವಿಷಯಕ್ಕೆ ದಿನಕ್ಕೊಂದು ಕಿರಿಕಿರಿ. ಒಂದು ಮಧ್ಯಾಹ್ನ ಮಂಚದ ಪಕ್ಕವೇ ಮೇಜು ಹಾಕಿ ಎಲ್ಲರೂ ಊಟಕ್ಕೆ ಕೂತಿದ್ದರು. ಟೈಲರಮ್ಮ ತಮ್ಮನ ತಟ್ಟೆಗೆ ಹಸಿ ಈರುಳ್ಳಿ ಹಾಕಿದಳು.

"ಅವನಿಗೆ ಹಸಿ ಈರುಳ್ಳಿ ಆಗಲ್ಲ," ಎಂದಳು ಲಾರಿಯಕ್ಕ.

"ಚಿಕ್ಕಂದಿನಿಂದ ತಿಂತಿದಾನೆ."

"ತಿಂತಿದಾನೆ," ಎಂದು ಒಪ್ಪಿಕೊಂಡಳು ಲಾರಿಯಕ್ಕ.

ಟೈಲರಮ್ಮ ತಮ್ಮನ ಕಡೆ ನೋಡಿದಳು. "ಆಗಲ್ವಾ ನಿಂಗೆ?"

"ಅಷ್ಟೇನಿಲ್ಲ."

"ಆಗತ್ತೋ ಆಗಲ್ವೋ?"

"ಆಗಲ್ಲ ಅಕ್ಕ."

ಇಬ್ಬರು ಹೆಂಗಸರೂ ಒಟ್ಟಿಗೆ ಅವನ ಕಡೆ ನೋಡಿದ್ದರಿಂದ, ಆ ಅಕ್ಕ ಯಾರಿಗೆ ಸೇರಿದ್ದು ಎಂಬುದು ಬಗೆಹರಿಯಲಿಲ್ಲ. ಮಗಳು ನಗು ತಡೆಯಲು ಹೋಗಿ ಕೆಮ್ಮಿದಳು. ಟೈಲರಮ್ಮ ಅವನ ತಟ್ಟೆಯಿಂದ ಈರುಳ್ಳಿಯನ್ನೆಲ್ಲ ತೆಗೆದು ತನ್ನ ತಟ್ಟೆಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ತಿಂದಳು.

ಹೊಟ್ಟೆಕಿಚ್ಚು ಆಗಿದೆ ಎಂದು ಮಗಳೇ ನೇರವಾಗಿ ಹೇಳಿದಳು, ಬಟ್ಟೆ ಒಣಹಾಕುವಾಗ. "ಇಬ್ಬರು ಹೆಂಡಿರ ಕಾಟ ನೋಡಿದೀನಿ, ಇಬ್ಬರು ಅಕ್ಕಂದಿರದ್ದು ಇದೇ ಮೊದಲು."

"ನಿನಗೆ ತಮಾಷೆ. ಅವನು ನನ್ನ ಮನೇಲಿ ಬಾಯಿ ಹೊಲಿದುಕೊಂಡಿದ್ದ. ನಗುವನ್ನೆಲ್ಲ ತಗೊಂಡುಹೋಗಿ ಅಲ್ಲಿ ಕೊಟ್ಟ."

"ಇಲ್ಲಿ ನಗೋಕೆ ಜಾಗ ಇತ್ತೇನಮ್ಮ? ಅಪ್ಪ ಇದ್ದಾಗ ನೀನೇ ಎಷ್ಟು ನಗ್ತಿದ್ದೆ?"

ಟೈಲರಮ್ಮ ಒದ್ದೆ ಬೆಡ್‌ಶೀಟನ್ನು ಜೋರಾಗಿ ಕೊಡವಿದಳು. ಲಾರಿಯಕ್ಕನ ಬೆಡ್‌ಶೀಟು. ಒಗೆದವಳೂ ಅವಳೇ.

ದಿನ ಕಳೆದ ಹಾಗೆ ಲಾರಿಯಕ್ಕ ವಾಕರ್ ಹಿಡಿದು ಅಂಗಡಿಯವರೆಗೂ ಬರತೊಡಗಿದಳು. ಸುಮ್ಮನೆ ಕೂತು ಹೊಲಿಗೆ ನೋಡುತ್ತಿದ್ದಳು. ಒಂದು ದಿನ ತನ್ನ ಕುಪ್ಪಸವೊಂದನ್ನು ತಂದಳು. ಹೆಗಲ ಹತ್ತಿರ ಯಾವಾಗಲೂ ಬಿರಿಯುತ್ತಿತ್ತು.

"ಯಾರು ಹೊಲಿದದ್ದು?"

"ಅಂಗಡೀಲಿ ಸಿದ್ಧ ಇದ್ದದ್ದು. ನನ್ನ ಅಳತೆ ತಗೊಳ್ಳೋಕೆ ಯಾರೂ ಒಪ್ತಿರಲಿಲ್ಲ."

ಟೈಲರಮ್ಮ ಕೊರಳಲ್ಲಿದ್ದ ಟೇಪು ತೆಗೆದಳು. "ಕೈ ಎತ್ತಿ." ಹೆಗಲು, ಎದೆ, ತೋಳು ಅಳೆದಳು. ಹೆಗಲ ಹೊಲಿಗೆ ಬಿಚ್ಚಿ, ಬಟ್ಟೆ ಸೇರಿಸಿ ಮತ್ತೆ ಹೊಲಿದಳು. ಕುಪ್ಪಸ ಸರಿಯಾಗಿ ಕೂತಿತು. ಅದನ್ನು ನೋಡಿ ತಮ್ಮ ಮೆಚ್ಚಿಕೊಂಡಾಗ, ಟೈಲರಮ್ಮನಿಗೆ ಸರಿ ಮಾಡಿಕೊಡದೇ ಇರಬೇಕಿತ್ತು ಎಂದೂ ಒಂದು ಗಳಿಗೆ ಅನ್ನಿಸಿತು.

ಲಾರಿಯಕ್ಕ ತನ್ನ ಮನೆಗೆ ವಾಪಸು ಹೋಗುವ ಹಿಂದಿನ ದಿನ ಮಧ್ಯಾಹ್ನ ಮೊಮ್ಮಗಳು ಕಾಲೇಜಿನ ಕೆಲಸ ಮುಗಿಸಲು ಕೂತಳು. ಮಂಚದ ಮೇಲೆ ಫೋನು ಇಟ್ಟು ದನಿ ಹಿಡಿಯತೊಡಗಿದಳು. ತಮ್ಮ ಕಿಟಕಿಯ ಹತ್ತಿರ. ಟೈಲರಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಕೇಳಿಸಿಕೊಳ್ಳುತ್ತಿಲ್ಲ ಎಂಬ ಹಾಗೆ.

ಲಾರಿಯಕ್ಕ ಹೇಳಿದಳು. ಭಾನುವಾರ ವೈಂಡಿಂಗ್ ಅಂಗಡಿಯ ಯಜಮಾನ ಬರುತ್ತಿರಲಿಲ್ಲ, ಬೀಗದ ಕೈ ಕಾಯಿಲ್ ಹತ್ತಿರ. ಶಟರು ಅರ್ಧ ಎಳೆದು ಒಳಗೆ ಸೇರುತ್ತಿದ್ದರು. ಅವರದೇ ಮಾತುಗಳಿದ್ದವು. ಪೊಲೀಸು ಬಂದರೆ "ಶಾಕ್". ಮನೆಯಲ್ಲಿ ಹೆಂಡತಿ ಮಕ್ಕಳಿದ್ದೂ ಇಲ್ಲಿಗೆ ಬರುವವನು "ಡಬಲ್ ವೈಂಡಿಂಗ್". ಹೃದಯ ಮುರಿದುಕೊಂಡು ಬಂದವನು "ಸುಟ್ಟ ಮೋಟಾರು". ಹಾಲಿನ ಬೂತ್ ನಡೆಸುವ ಇಬ್ಬರು ಹೆಂಗಸರೂ ಬರುತ್ತಿದ್ದರು, ಊರಿಗೆಲ್ಲ ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು ಎಂದು ಹೇಳಿಕೊಂಡು. ಒಬ್ಬಳು ಸತ್ತಾಗ ಅವಳ ಅಣ್ಣಂದಿರು ಬಂದು ಹೆಣ ಒಯ್ದರು. ಇನ್ನೊಬ್ಬಳು ಗೇಟಿನ ಹೊರಗೇ ನಿಂತಿದ್ದಳು.

"ಅದಕ್ಕೇ ಆಮೇಲೆ ಗಟ್ಟಿ ಮಾಡ್ಕೊಂಡ್ವಿ," ಎಂದಳು. "ನೀನು ಅಕ್ಕ, ನೀನು ತಮ್ಮ, ನೀನು ಅತ್ತೆ. ಆಟಕ್ಕಲ್ಲ. ಆಸ್ಪತ್ರೆ ಬಾಗಿಲಲ್ಲಿ ಕೇಳೋದೇ ಅದು, ನಿಮಗೆ ಇವರು ಏನಾಗಬೇಕು ಅಂತ. ಸ್ನೇಹಿತ ಅಂದ್ರೆ ಹೊರಗೆ ನಿಲ್ಲಿಸ್ತಾರೆ. ಇವನ ದವಡೆ ಮುರಿದ ದಿನ ನಾನು ಅಕ್ಕ ಅಂದೆ, ಒಳಗೆ ಬಿಟ್ರು. ಅವತ್ತಿಂದ ಅಕ್ಕ."

ಟೈಲರಮ್ಮನ ಕೈ ಬಟಾಣಿಯ ಮೇಲೆ ನಿಂತಿತು.

"ಚಿಕ್ಕಂದಿನಲ್ಲಿ ತಾತ ಹೇಗಿದ್ರು?" ಮೊಮ್ಮಗಳು ಕೇಳಿದಳು.

"ಅದು ನನಗೆ ಗೊತ್ತಿಲ್ಲ. ಇವನು ಹೇಳಲ್ಲ," ಎಂದು ಲಾರಿಯಕ್ಕ ಹೊಸ್ತಿಲ ಕಡೆ ಕತ್ತು ತಿರುಗಿಸಿದಳು. "ನನಗೆ ಸಿಕ್ಕಿದ್ದು ಬೆಳೆದು ನಿಂತ ಮೇಲೆ. ಬೇರೆಲ್ಲ ಅವರ ಹತ್ರ ಇದೆ."

ಟೈಲರಮ್ಮ ಎದ್ದಳು. ಕೈ ಒರೆಸಿಕೊಂಡು ಬಂದು ಮಂಚದ ಕಾಲ ಹತ್ತಿರದ ಸ್ಟೂಲಿನ ಮೇಲೆ ಕೂತಳು. ಫೋನನ್ನು ಸ್ವಲ್ಪ ತನ್ನ ಕಡೆಗೆ ಎಳೆದುಕೊಂಡಳು.

"ಇವನಿಗೆ ಆರು ವರ್ಷ ಇದ್ದಾಗ ಬೀದಿಗೆ ಐಸ್ ಗಾಡಿ ಬರ್ತಿತ್ತು," ಎಂದಳು. "ತಳ್ಳೋನು ಹದಿನೆಂಟರ ಹುಡುಗ, ಚೆನ್ನಾಗಿದ್ದ. ಇವನು ದಿನಾ ಗಾಡಿ ಹಿಂದೆ ಬೀದಿ ಕೊನೆಯವರೆಗೂ ಹೋಗಿ ಬರ್ತಿದ್ದ. ಐಸ್ ಕೇಳ್ತಿರಲಿಲ್ಲ. ಒಂದಿನ ಸ್ನಾನ ಮಾಡಿಸ್ತಾ ಇದೀನಿ, ದೊಡ್ಡೋನಾದ ಮೇಲೆ ಅವನನ್ನೇ ಮದುವೆ ಆಗ್ತೀನಿ ಅಂದ. ನನಗೆ ಹದಿಮೂರು ಹದಿನಾಲ್ಕು. ನಾನೇನು ಹೇಳಿದೆ ಗೊತ್ತಾ? ಆಗು, ಆದ್ರೆ ನಮ್ಮ ಮನೆಗೆ ದಿನಾ ಐಸ್ ಕೊಡ್ಬೇಕು ಅಂತ ಮೊದಲೇ ಮಾತಾಡಿಕೋ ಅಂದೆ."

ಕಿಟಕಿಯ ಹತ್ತಿರ ತಮ್ಮ ತಿರುಗಿದ. "ನಾನು ಹಾಗೆ ಹೇಳಿದ್ನಾ?"

"ಸೋಪು ಕಣ್ಣಿಗೆ ಹೋಗಿತ್ತು. ಆದ್ರೂ ಹೇಳಿದೆ. ಪ್ರಪಂಚದಲ್ಲಿ ಮೊದಲು ಹೇಳಿದ್ದು ನನಗೆ."

ಅವನು ಬಂದು ಅವಳ ಪಕ್ಕ ನೆಲದ ಮೇಲೆ ಕೂತ. ಅವಳು ಅವನ ಕಡೆ ನೋಡದೆ ಅವನ ತಲೆಯ ಮೇಲೆ ಕೈ ಇಟ್ಟಳು.

ಲಾರಿಯಕ್ಕನ ಮುಖದಲ್ಲಿ ಏನೋ ಸರಿದುಹೋಯಿತು. "ಇಷ್ಟು ವರ್ಷದಲ್ಲಿ ನನಗೆ ಇದೊಂದು ಹೇಳಿಲ್ಲ ನೋಡು," ಎಂದಳು ಕಾಯಿಲ್ ಕಡೆ. "ಬೇಕಾದ್ದು ಬೇಡದ್ದು ಎಲ್ಲ ಹೇಳಿದೀಯ."

"ನನಗೇ ನೆನಪಿಲ್ಲ ಅಕ್ಕ."

"ಮತ್ತೆ ಆ ಐಸ್ ಹುಡುಗ?"

"ಅವನದ್ದು ಇನ್ನೂ ಒಂದು ಕತೆ ಇದೆ," ಎಂದಳು ಟೈಲರಮ್ಮ. "ಅದಕ್ಕಿಂತ ಚೆನ್ನಾಗಿದೆ."

"ಹೇಳಿ ಮತ್ತೆ."

ಟೈಲರಮ್ಮ ಸ್ಟೂಲಿನಿಂದ ಎದ್ದು ಬಟಾಣಿಯ ಬಟ್ಟಲು ಎತ್ತಿಕೊಂಡಳು. "ಇವತ್ತಲ್ಲ. ಇವನು ವಾರದಲ್ಲಿ ಅರ್ಧ ಅಲ್ಲಿ, ಅರ್ಧ ಇಲ್ಲಿ ಇರ್ತೀನಿ ಅಂತಿದಾನೆ. ಇರಲಿ. ಶುಕ್ರವಾರ ವಾಪಸು ಬರುವಾಗ ನೀವೂ ಊಟಕ್ಕೆ ಬನ್ನಿ. ಬಂದ್ರೆ ಹೇಳ್ತೀನಿ."

"ಬರದಿದ್ರೆ?"

"ಬರದಿದ್ರೆ ನನ್ನ ಹತ್ರಾನೇ ಇರತ್ತೆ," ಎಂದು ಅವಳು ಒಲೆ ಹಚ್ಚಲು ಹೋದಳು.